ದಾಖಲೆ ಯಾವ ಊರಿನ ಕಪಾಟಿನಲ್ಲಿದೆ?

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)





ಸಾರ್ವಜನಿಕ ದಾಖಲೆಗಳನ್ನು ಹುಡುಕುವ ಬಗ್ಗೆ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಯವರು ಸೂಚಿಸಿದ್ದಾರೆ. ಕಾನೂನು, ಇತಿಹಾಸ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ, ಸರ್ವೆ, ಏನನ್ನೇ ಓದಿದರೂ ಒಂದಲ್ಲ ಒಂದು ದಿನ ನೀವು ಒಂದು ಹಳೆಯ ಕಾಗದದ ಹಿಂದೆ ಬೀಳಬೇಕಾಗುತ್ತದೆ. ಆ ಕೆಲಸವೂ ಒಂದು ವಿದ್ಯೆಯೇ. ಅದನ್ನು ಕಲಿಯಲು ಒಂದು ವಿಚಿತ್ರ ಊರನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡಿರುವ ವರ್ಮಾಂಟ್ ರಾಜ್ಯದ ಎಸೆಕ್ಸ್ ಕೌಂಟಿ ಅದು.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ ಎಂದುಕೊಳ್ಳಿ. ಆದರೆ 2020ರ ಜನಗಣತಿಯಲ್ಲಿ ಈ ಇಡೀ ಕೌಂಟಿಯ ಜನಸಂಖ್ಯೆ 5,920 ಮಾತ್ರ. ನಮ್ಮಲ್ಲಿ ಒಂದು ಗ್ರಾಮ ಪಂಚಾಯಿತಿಗೇ ಅಷ್ಟು ಜನ ಇರುತ್ತಾರೆ. ಕಾಡು, ಕೆರೆ, ಮರದ ವ್ಯಾಪಾರ, ಆರು ತಿಂಗಳ ಚಳಿ. ಅಲ್ಲಿನ ಗ್ರಾನ್‌ಬಿ ಮತ್ತು ವಿಕ್ಟರಿ ಎಂಬ ಎರಡು ಊರುಗಳಿಗೆ ವಿದ್ಯುತ್ ಬಂದದ್ದು 1963ರಲ್ಲಿ. ಇಂತಹ ಕಡೆ ಒಬ್ಬರಿಗೆ ತಮ್ಮ ಅಜ್ಜನ ಜಮೀನಿನ ಕ್ರಯಪತ್ರ ಬೇಕು ಎಂದಿಟ್ಟುಕೊಳ್ಳಿ. ಜಿಲ್ಲಾ ಕಚೇರಿಗೆ ಹೋದರೆ ಸಿಗಬಹುದು ಎಂದು ನಾವು ಭಾವಿಸುತ್ತೇವೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದು ಸರಿಯೇ, ಅಲ್ಲಿ ಜಮೀನಿನ ಪತ್ರಗಳು ಕೌಂಟಿ ಕಚೇರಿಯಲ್ಲೇ ಇರುತ್ತವೆ. ವರ್ಮಾಂಟ್, ಕನೆಕ್ಟಿಕಟ್, ರೋಡ್ ಐಲೆಂಡ್ ಈ ಮೂರು ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಜಮೀನಿನ ದಾಖಲೆ ಇರುವುದು ಒಂದೊಂದು ಟೌನಿನ ಕ್ಲರ್ಕ್ ಬಳಿ.

ಟೌನ್ ಎಂದರೆ ಪಟ್ಟಣ ಎಂದು ತಿಳಿಯಬೇಡಿ. ಸುಮಾರು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಪ್ರದೇಶ ಅದು. ಅದರೊಳಗೆ ಕಾಡೂ ಇರಬಹುದು, ಹೊಲವೂ ಇರಬಹುದು, ಹತ್ತು ಮನೆಯ ಹಳ್ಳಿಯೂ ಇರಬಹುದು. ಗ್ರಾನ್‌ಬಿ, ವಿಕ್ಟರಿ ಎರಡರಲ್ಲೂ ನೂರು ಜನರಿಲ್ಲ. ಆದರೂ ಅವು ಪೂರ್ಣ ಸ್ವರೂಪದ ಟೌನ್‌ಗಳು.

ಹೀಗೇಕೆ ಎಂಬುದಕ್ಕೆ ಇತಿಹಾಸವೇ ಕಾರಣ. ಪಕ್ಕದ ನ್ಯೂ ಹ್ಯಾಂಪ್‌ಶೈರಿನ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್ 1749ರಿಂದ 1764ರವರೆಗೆ ಈ ಕಾಡುಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ, ನೂರಕ್ಕೂ ಹೆಚ್ಚು ಟೌನ್‌ಗಳನ್ನು ಸನ್ನದಿನ ಮೂಲಕ ಜನರಿಗೆ ಕೊಟ್ಟ. ಎಸೆಕ್ಸಿನ ಗಿಲ್ಡ್‌ಹಾಲ್, ಮೇಡ್‌ಸ್ಟೋನ್, ಗ್ರಾನ್‌ಬಿ 1761ರ ಸನ್ನದಿನವು. ವರ್ಮಾಂಟ್ ಅಮೆರಿಕದ 14ನೆಯ ರಾಜ್ಯವಾದದ್ದು 1791ರಲ್ಲಿ. ಎಸೆಕ್ಸ್ ಕೌಂಟಿ ಹುಟ್ಟಿದ್ದು 1792ರಲ್ಲಿ. ಅಂದರೆ ಕೌಂಟಿಗಿಂತ ಟೌನ್ ಹಿರಿಯ. ಮನೆಯ ಹಿರಿಯರ ಕೈಯಲ್ಲೇ ಪೆಟ್ಟಿಗೆಯ ಬೀಗದ ಕೈ ಉಳಿಯಿತು. ಇಂದಿಗೂ ಕೌಂಟಿಗೆ ಇರುವ ಕೆಲಸ ಬಹಳ ಕಡಿಮೆ: ನ್ಯಾಯಾಲಯ, ಶೆರಿಫ್, ಸರ್ಕಾರಿ ವಕೀಲರು, ಅಷ್ಟೇ.

ಆದ್ದರಿಂದ ಅಲ್ಲಿ ಹುಡುಕುವವನ ಮೊದಲ ಪ್ರಶ್ನೆ, ಯಾವ ಟೌನ್ ಎಂಬುದು. ಇದು ಸುಲಭದ ಪ್ರಶ್ನೆ ಎಂದು ತೋರುತ್ತದೆ. ಆದರೆ ಅರ್ಧಕ್ಕರ್ಧ ಜನ ಎಡವುವುದು ಇಲ್ಲಿಯೇ. ಐಲೆಂಡ್ ಪಾಂಡ್ ಎಂಬ ಊರಿನ ಹೆಸರು ಅಂಚೆ ವಿಳಾಸದಲ್ಲಿ, ರೈಲಿನ ಇತಿಹಾಸದಲ್ಲಿ ಎಲ್ಲ ಕಡೆ ಸಿಗುತ್ತದೆ. ಆದರೆ ಐಲೆಂಡ್ ಪಾಂಡ್ ಎಂಬ ಟೌನ್ ಇಲ್ಲ. ಅದು ಬ್ರೈಟನ್ ಟೌನಿನೊಳಗಿನ ಒಂದು ಹಳ್ಳಿ. ದಾಖಲೆ ಬ್ರೈಟನ್ ಹೆಸರಿನಲ್ಲಿರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಬ್ರೈಟನ್ ಕೂಡ ಇಲ್ಲ, 1832ರವರೆಗೆ ಅದರ ಹೆಸರು ರ‍್ಯಾಂಡಮ್. ಹಾಗೆಯೇ ಬ್ಲೂಮ್‌ಫೀಲ್ಡ್‌ಗೆ 1830ರವರೆಗೆ ಮೈನ್‌ಹೆಡ್ ಎಂಬ ಹೆಸರಿತ್ತು. ವೆನ್‌ಲಾಕ್ ಎಂಬ ಟೌನನ್ನು 1853ರಲ್ಲಿ ಬ್ರೈಟನ್ ಮತ್ತು ಫರ್ಡಿನಾಂಡ್‌ಗಳಿಗೆ ಹಂಚಿಬಿಟ್ಟರು. ಇಂದಿನ ನಕ್ಷೆಯಲ್ಲಿ ವೆನ್‌ಲಾಕ್ ಟೌನನ್ನು ಹುಡುಕಿದರೆ ಸಿಗುವುದಿಲ್ಲ. ನಮ್ಮಲ್ಲಿಯೂ ತಾಲೂಕು ಒಡೆದಾಗ, ಗ್ರಾಮದ ಹೆಸರು ಬದಲಾದಾಗ ಇದೇ ತೊಂದರೆ. ಹೆಸರು ಇಂದಿನದಾದರೂ ದಾಖಲೆ ಅಂದಿನದು ಎಂಬುದನ್ನು ನೆನಪಿಡಿ.

ಎರಡನೆಯ ಪ್ರಶ್ನೆ, ಯಾವ ಬಗೆಯ ದಾಖಲೆ ಎಂಬುದು. ಕ್ರಯಪತ್ರ, ಅಡಮಾನ ಪತ್ರ, ರಸ್ತೆಯ ಸರ್ವೆ, ಟೌನ್ ಸಭೆಯ ನಡಾವಳಿ, ಇವೆಲ್ಲ ಟೌನ್ ಕ್ಲರ್ಕ್ ಬಳಿ. ಯಾರ ಆಸ್ತಿಗೆ ಎಷ್ಟು ಬೆಲೆ ಕಟ್ಟಿದ್ದಾರೆ ಎಂಬುದು ಗ್ರ್ಯಾಂಡ್ ಲಿಸ್ಟ್ ಎಂಬ ಆಸ್ತಿ ಪಟ್ಟಿಯಲ್ಲಿ, ಅದೂ ಟೌನಿನಲ್ಲೇ. ಉಯಿಲು, ವಾರಸುದಾರಿಕೆ, ದಾವೆಗಳಿಗೆ ಮಾತ್ರ ಕೌಂಟಿ ಕೇಂದ್ರವಾದ ಗಿಲ್ಡ್‌ಹಾಲಿನ ನ್ಯಾಯಾಲಯಕ್ಕೆ ಹೋಗಬೇಕು. ಅಜ್ಜನ ಜಮೀನಿನ ಕ್ರಯಪತ್ರ ಒಂದು ಊರಿನಲ್ಲಿ, ಅದೇ ಜಮೀನನ್ನು ಮಕ್ಕಳಿಗೆ ಹಂಚಿದ ಉಯಿಲು ಇನ್ನೊಂದು ಊರಿನಲ್ಲಿ. ಎರಡನ್ನೂ ಜೋಡಿಸದಿದ್ದರೆ ಕೊಂಡಿ ಕಡಿದುಹೋಗುತ್ತದೆ. ಇನ್ನು ರಾಜ್ಯ ಇಲಾಖೆಗಳ ಹಳೆಯ ಕಾಗದಗಳಿಗೆ, ಹಾಗೂ ಅನೇಕ ಟೌನ್ ಪುಸ್ತಕಗಳ ಮೈಕ್ರೋಫಿಲ್ಮ್‌ಗಳಿಗೆ ಮಿಡ್ಲ್‌ಸೆಕ್ಸ್‌ನಲ್ಲಿರುವ ರಾಜ್ಯ ಪತ್ರಾಗಾರವಿದೆ.

ಟೌನ್ ಕ್ಲರ್ಕೇ ಇಲ್ಲದ ಜಾಗಗಳೂ ಎಸೆಕ್ಸಿನಲ್ಲಿವೆ. ಏವರಿಲ್, ಫರ್ಡಿನಾಂಡ್, ಲೂಯಿಸ್ ಇವು ಸಂಘಟಿತವಾಗದ ಟೌನ್‌ಗಳು. ಜೊತೆಗೆ ಗೋರ್ ಎಂಬ ತುಂಡುಭೂಮಿಗಳಿವೆ. ಸರ್ವೆಯವರು ಚೌಕಗಳನ್ನು ಎಳೆಯುವಾಗ ಯಾವ ಚೌಕಕ್ಕೂ ಸೇರದೆ ನಡುವೆ ಉಳಿದುಬಿಟ್ಟ ಮೂಲೆಗಳು ಅವು. ಇವುಗಳ ಆಡಳಿತಕ್ಕೆ ಒಂದು ಜಂಟಿ ಮಂಡಳಿ ಇದೆ. ಟೌನ್ ಕ್ಲರ್ಕ್ ಇಲ್ಲದ ಕಡೆಯ ಕ್ರಯಪತ್ರವನ್ನು ಕೌಂಟಿ ಕ್ಲರ್ಕ್ ದಾಖಲಿಸಿಕೊಳ್ಳಬೇಕೆಂಬುದು ಅಲ್ಲಿನ ಹಳೆಯ ನಿಯಮ.

ಜನನ ಮರಣಗಳ ವಿಷಯ ಸ್ವಲ್ಪ ಬೇರೆ. 1919ರಲ್ಲಿ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತು. ಟೌನ್ ಕ್ಲರ್ಕ್‌ಗಳೆಲ್ಲ ತಮ್ಮ ಬಳಿ ಇರುವ ಜನನ, ಮರಣ, ಮದುವೆಗಳನ್ನು ಕಾರ್ಡುಗಳ ಮೇಲೆ ಬರೆದು ಕಳುಹಿಸಬೇಕೆಂದು ಆದೇಶಿಸಿತು. ಪುಸ್ತಕದಲ್ಲಿ ಇಲ್ಲದ ಹಳೆಯ ಸಾವುಗಳಿಗೆ ಸಮಾಧಿ ಕಲ್ಲುಗಳನ್ನು ಓದಿ ಬರೆದರು. ಹಾಗಾಗಿ ಇಡೀ ರಾಜ್ಯಕ್ಕೆ ಒಂದೇ ಸೂಚಿ ಸಿದ್ಧವಾಯಿತು. 2019ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಿಯಮದಂತೆ 1909ರ ನಂತರದ ಜನನ, ಮರಣ ಪ್ರಮಾಣಪತ್ರವನ್ನು ಯಾವ ಟೌನ್ ಕ್ಲರ್ಕ್ ಬಳಿಯಾದರೂ ಪಡೆಯಬಹುದು. ಆದರೆ ದೃಢೀಕೃತ ಪ್ರತಿ ಎಲ್ಲರಿಗೂ ಸಿಗುವುದಿಲ್ಲ, ಹತ್ತಿರದ ಸಂಬಂಧಿಕರಿಗೆ ಮತ್ತು ಕಾನೂನು ಗುರುತಿಸಿದ ಇನ್ನು ಕೆಲವರಿಗೆ ಮಾತ್ರ. ಬೇರೊಬ್ಬರ ಹೆಸರಿನಲ್ಲಿ ಮೋಸ ನಡೆಯದಿರಲೆಂದು ಈ ಕಟ್ಟುಪಾಡು.

ಇನ್ನು ಹುಡುಕುವ ಕ್ರಮ. ಮೊದಲು ದೂರವಾಣಿ ಮಾಡಿ ಹೋಗಬೇಕು. ಸಣ್ಣ ಟೌನ್‌ಗಳ ಕಚೇರಿ ವಾರದಲ್ಲಿ ಕೆಲವು ದಿನ, ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಕ್ಲರ್ಕ್ ಒಬ್ಬರೇ. ನಾಯಿಯ ಲೈಸೆನ್ಸಿನಿಂದ ಹಿಡಿದು ಚುನಾವಣೆಯವರೆಗೆ ಎಲ್ಲವನ್ನೂ ಅವರೇ ನೋಡಬೇಕು. ಪುಸ್ತಕಗಳು ಬೆಂಕಿ ತಗಲದ ಕೋಣೆಯಲ್ಲಿರುತ್ತವೆ. ಕೊಟ್ಟವರ ಹೆಸರಿನ ಸೂಚಿ ಒಂದು, ಕೊಂಡವರ ಹೆಸರಿನ ಸೂಚಿ ಇನ್ನೊಂದು. ಅಜ್ಜನ ಹೆಸರನ್ನು ಕೊಂಡವರ ಸೂಚಿಯಲ್ಲಿ ಹಿಡಿದರೆ ಸಂಪುಟ, ಪುಟ ಸಿಗುತ್ತದೆ. ಆ ಪುಟದಲ್ಲಿ ಮಾರಿದವನ ಹೆಸರು, ಅವನಿಗೆ ಯಾರಿಂದ ಬಂತು ಎಂಬ ಸುಳಿವು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುವುದು. ನಮ್ಮಲ್ಲಿ ಪಹಣಿ ಎಂಬ ಒಂದು ಹಾಳೆ ಇದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ಕೊಡುತ್ತಾರೆ. ಅಲ್ಲಿ ಅಂತಹ ಸಿದ್ಧ ಹಾಳೆ ಇಲ್ಲ. ಪತ್ರಗಳ ಸರಪಳಿಯೇ ಹಕ್ಕಿನ ಸಾಕ್ಷಿ. ಅದನ್ನು ನೀವೇ ಜೋಡಿಸಬೇಕು ಅಥವಾ ವಕೀಲರಿಗೆ ಹಣ ಕೊಟ್ಟು ಜೋಡಿಸಿಕೊಳ್ಳಬೇಕು.

ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯದಿದ್ದರೆ ಟೌನಿನ ವಾರ್ಷಿಕ ವರದಿಯನ್ನು ಹಿಡಿಯಿರಿ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಅಲ್ಲಿ ಟೌನ್ ಸಭೆಯ ದಿನ. ಊರವರು ಸೇರಿ ಬಜೆಟ್ಟನ್ನು ತಾವೇ ಒಪ್ಪುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ಅದಕ್ಕೂ ಮುಂಚೆ ವರ್ಷದ ಲೆಕ್ಕಪತ್ರವನ್ನು ಊರವರ ಮುಂದಿಡಬೇಕು. ಹಳೆಯ ವರದಿಗಳಲ್ಲಿ ಆ ವರ್ಷ ಹುಟ್ಟಿದವರು, ತೀರಿಕೊಂಡವರು, ತೆರಿಗೆ ಬಾಕಿ ಉಳಿಸಿಕೊಂಡವರ ಹೆಸರುಗಳೂ ಅನೇಕ ಕಡೆ ಇರುತ್ತವೆ.

ಕೇಳುವ ಹಕ್ಕು ಎಲ್ಲರಿಗೂ ಇದೆ. ವರ್ಮಾಂಟಿನ ಸಾರ್ವಜನಿಕ ದಾಖಲೆ ಕಾಯ್ದೆಯಂತೆ ಯಾರು ಬೇಕಾದರೂ ಕೇಳಬಹುದು, ಏಕೆ ಎಂದು ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಮೂರು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ನಿರಾಕರಿಸಿದರೆ ಮೇಲ್ಮನವಿ, ಆಮೇಲೆ ನ್ಯಾಯಾಲಯ. ಪ್ರತಿ ಬೇಡ, ಬರೀ ನೋಡುತ್ತೇನೆ ಎಂದವರಿಂದ ಈ ಕಾಯ್ದೆಯಡಿ ಸಿಬ್ಬಂದಿಯ ಸಮಯಕ್ಕೆ ಹಣ ಕೇಳುವಂತಿಲ್ಲ ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಮ್ಮ ದೇಶದ 2005ರ ಮಾಹಿತಿ ಹಕ್ಕು ಕಾಯ್ದೆಯೂ ಕಾರಣ ಕೇಳುವುದಿಲ್ಲ. ನಮ್ಮಲ್ಲಿ ಗಡುವು 30 ದಿನ, ಅರ್ಜಿದಾರ ಭಾರತದ ನಾಗರಿಕನಾಗಿರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಹಳೆಯ ಪುಸ್ತಕ ಓದುವುದರಿಂದ ಏನು ಲಾಭ ಎಂದು ನೀವು ಕೇಳಬಹುದು. ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ರಸ್ತೆಯ ಕತೆ. ಇನ್ನೂರು ವರ್ಷಗಳ ಹಿಂದೆ ಟೌನಿನವರು ಅಳತೆ ಮಾಡಿ ಪುಸ್ತಕದಲ್ಲಿ ಬರೆದಿಟ್ಟ ರಸ್ತೆ, ಕಾಡು ಬೆಳೆದು ಕಾಣದಂತಾದರೂ, ಕಾನೂನಿನ ಪ್ರಕಾರ ರದ್ದು ಮಾಡದಿದ್ದರೆ ಸಾರ್ವಜನಿಕ ರಸ್ತೆಯೇ. ಮನೆ ಕೊಂಡವರಿಗೆ ತಮ್ಮ ಅಂಗಳದಲ್ಲಿ ಇಂತಹ ರಸ್ತೆ ಹಾದುಹೋಗಿದೆಯೇ ಎಂಬ ಭಯ. ಬೇಟೆಗಾರರಿಗೆ, ನಡೆಯುವವರಿಗೆ ಆ ದಾರಿ ಉಳಿಯಬೇಕೆಂಬ ಆಸೆ. 2006ರಲ್ಲಿ ಶಾಸನಸಭೆ ಒಂದು ಕಾಯ್ದೆ ಮಾಡಿತು. ಟೌನ್‌ಗಳು ಇಂತಹ ರಸ್ತೆಗಳನ್ನು ಹುಡುಕಿ ನಕ್ಷೆಗೆ ಸೇರಿಸಬೇಕು, ಸೇರಿಸದೆ ಉಳಿದ, ನೆಲದ ಮೇಲೂ ಕಾಣದ ರಸ್ತೆಗಳು 2015ರ ಜುಲೈ 1ಕ್ಕೆ ತಾವಾಗಿಯೇ ರದ್ದಾಗುತ್ತವೆ ಎಂದಿತು. ಆಗ ಊರೂರಿನಲ್ಲಿ ಸಾಮಾನ್ಯ ಜನ ಕ್ಲರ್ಕ್ ಕೋಣೆಯಲ್ಲಿ ಕುಳಿತು ಹಳೆಯ ಪುಸ್ತಕ ತಿರುವಿದರು. ಯಾವುದೋ ಮರದಿಂದ ಆರಂಭಿಸಿ ಇಷ್ಟು ರಾಡ್ ಉತ್ತರಕ್ಕೆ ಎಂಬಂತಹ ಬರಹ. ರಾಡ್ ಎಂದರೆ ಹದಿನಾರೂವರೆ ಅಡಿ. ಚೌಕವಾದ ನಮ್ಮ ಒಂದು ಗುಂಟೆಯ ಬದಿ 33 ಅಡಿ, ಅದರ ಸರಿಯಾದ ಅರ್ಧ! ಒಂದೇ ಇಂಗ್ಲಿಷ್ ಸರಪಳಿ ಎರಡು ಖಂಡಗಳನ್ನು ಅಳೆದಿದೆ. ಓದಿದ ಊರುಗಳು ತಮಗೆ ಬೇಕಾದ ದಾರಿಯನ್ನು ಉಳಿಸಿಕೊಂಡವು. ಓದದ ಊರುಗಳಲ್ಲಿ ಅಂತಹ ಸಾರ್ವಜನಿಕ ಹಕ್ಕು ಸದ್ದಿಲ್ಲದೆ ಮುಗಿಯಿತು.

ಎರಡನೆಯದು ಶಾಲೆಯ ಕತೆ. ನಮ್ಮದು ವಿದ್ಯಾಸಂಘವಾದ್ದರಿಂದ ಇದನ್ನು ಗಮನವಿಟ್ಟು ಕೇಳಿ. ವೆಂಟ್‌ವರ್ತನ ಸನ್ನದುಗಳಲ್ಲಿ ಟೌನಿನ ಒಂದು ಪಾಲು ಭೂಮಿಯನ್ನು ಶಾಲೆಗೆಂದೇ ಮೀಸಲಿಡಲಾಗಿತ್ತು. ಇನ್ನೊಂದು ಪಾಲು ಇಂಗ್ಲೆಂಡಿನ ಒಂದು ಧರ್ಮಪ್ರಚಾರ ಸಂಸ್ಥೆಗೆ. 1794ರಲ್ಲಿ ವರ್ಮಾಂಟ್ ಸರ್ಕಾರ ಆ ಸಂಸ್ಥೆಯ ಪಾಲನ್ನೂ ಟೌನ್‌ಗಳ ಶಾಲೆಗಳಿಗೆ ಕೊಟ್ಟುಬಿಟ್ಟಿತು. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಯುದ್ಧ ನಡೆದು ದೇಶವೇ ಬದಲಾಗಿತ್ತು, ದೊರೆ ಹೋಗಿದ್ದ, ಸನ್ನದು ಮಾತ್ರ ನಿಂತಿತು. ಶಾಲೆಯ ಪಾಲೂ ಹಾಗೆಯೇ. ಅಂತಹ ಭೂಮಿಯನ್ನು ಟೌನ್‌ಗಳು ದೀರ್ಘ ಗೇಣಿಗೆ ಕೊಟ್ಟು ಬಾಡಿಗೆಯನ್ನು ಶಾಲೆಗೆ ಬಳಸಿದವು. ಶಾಲೆಗಾಗಿ ಬಿಟ್ಟ ನೆಲ ಯಾವುದೆಂದು ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ತಾನೇ ಮಕ್ಕಳ ಪಾಲು ಮಕ್ಕಳಿಗೆ ಸಿಕ್ಕಿದ್ದು?

ಟೌನ್ ಪದ್ಧತಿಯಲ್ಲಿ ತೊಂದರೆಗಳೂ ಇವೆ. ಎಲ್ಲವೂ ಒಂದು ಕೋಣೆ, ಒಬ್ಬ ಕ್ಲರ್ಕ್ ಮೇಲೆ ನಿಂತಿದೆ. 2020ರಲ್ಲಿ ಕೊರೊನಾದಿಂದ ಕಚೇರಿಗಳು ಮುಚ್ಚಿದಾಗ ಆ ಕೋಣೆಗೆ ಹೋಗಲಾಗದೆ ಮನೆ ಮಾರಾಟಗಳೇ ತಡವಾದವು. ಆ ಬಳಿಕ ಪುಟಗಳನ್ನು ಸ್ಕ್ಯಾನ್ ಮಾಡುವ ಕೆಲಸ ಚುರುಕಾಯಿತು. ಆದರೆ ಬೇರೆ ಬೇರೆ ಟೌನ್, ಬೇರೆ ಬೇರೆ ವ್ಯವಸ್ಥೆ, ಹಳೆಯ ಸಂಪುಟಗಳು ಎಷ್ಟೋ ಕಡೆ ಇನ್ನೂ ಕಾಗದದಲ್ಲೇ. ಇನ್ನೊಂದು ಕಡೆ, ಅಲ್ಲಿನ ಕ್ಲರ್ಕ್‌ಗೆ ಊರಿನ ಪ್ರತಿಯೊಂದು ಹೊಲವೂ ಗೊತ್ತು. ಯಾವ ಕಂಪ್ಯೂಟರೂ ಹೇಳದ ಸುಳಿವನ್ನು ಅವರು ಹೇಳಬಲ್ಲರು. ಆದ್ದರಿಂದ ಅವರೊಡನೆ ಸೌಜನ್ಯದಿಂದ ಮಾತನಾಡಿ, ಹೋಗುವ ಮುಂಚೆ ಹೆಸರು, ವರ್ಷ, ಊರು ಮೂರನ್ನೂ ಬರೆದುಕೊಂಡು ಹೋಗಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ನಾಳೆ ವರ್ಮಾಂಟಿಗೇ ಓದಲು ಹೋಗಬಹುದು, ಹೋಗದೆಯೂ ಇರಬಹುದು. ಯಾವ ಊರು, ಅಂದು ಅದರ ಹೆಸರೇನು, ಯಾವ ಬಗೆಯ ದಾಖಲೆ, ಅದನ್ನು ಬರೆದಿಡುವ ಹೊಣೆ ಯಾರದಾಗಿತ್ತು, ಈ ನಾಲ್ಕು ಪ್ರಶ್ನೆಗಳು ಎಲ್ಲ ಕಡೆಯೂ ನಡೆಯುತ್ತವೆ. ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಜ್ಜ ಅಜ್ಜಿಯರ ಶಾಲಾ ದಾಖಲಾತಿ, ಮನೆಯ ಪಹಣಿ, ಹಳೆಯ ಕ್ರಯಪತ್ರ, ಇವುಗಳಲ್ಲಿ ಯಾವುದಾದರೂ ಒಂದನ್ನು ಹುಡುಕಿ ತನ್ನಿ. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎಲ್ಲ ಕಡೆ ಒಂದೇ ರೀತಿ ಇದೆಯೇ ನೋಡಿ. ತಪ್ಪಿದ್ದರೆ ವಿದ್ಯಾರ್ಥಿವೇತನದ ಕೊನೆಯ ದಿನದವರೆಗೆ ಕಾಯದೆ ಈಗಲೇ ತಿದ್ದಿಸಿಕೊಳ್ಳಿ.

ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಸಂಘದ ನಡಾವಳಿ ಪುಸ್ತಕ, ದಾನಿಗಳ ಪಟ್ಟಿ, ವಿದ್ಯಾರ್ಥಿವೇತನದ ಲೆಕ್ಕ, ಇವೆಲ್ಲ ಯಾರ ಮನೆಯ ಕಪಾಟಿನಲ್ಲಿವೆ? ಅವನ್ನು ಒಂದು ಕಡೆ ಸೇರಿಸಿ, ಸೂಚಿ ಮಾಡಿ, ಒಂದು ಪ್ರತಿಯನ್ನು ಬೇರೆ ಕಡೆ ಇಡೋಣ. ಐವತ್ತು ವರ್ಷದ ನಂತರ ಯಾರೋ ಒಬ್ಬ ಹುಡುಗಿ ಅದನ್ನು ಹುಡುಕಿಕೊಂಡು ಬರುತ್ತಾಳೆ. ಅವಳು ಬರಿಗೈಯಲ್ಲಿ ಹಿಂತಿರುಗಬಾರದು.