ಸಿದ್ಧ ಊಟದ ಪೊಟ್ಟಣಗಳನ್ನು ಮನೆಯಲ್ಲಿ ಇಡುವ ಬಗೆ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಅಡಿಗೆಯೇ ದೊಡ್ಡ ತೊಡಕು. ಪಾಳಿ ಮುಗಿಸಿ ಖೋಲಿಗೆ ಬಂದಾಗ ಒಲೆ ಹಚ್ಚುವ ತ್ರಾಣ ಉಳಿದಿರುವುದಿಲ್ಲ. ಹೀಗಾಗಿ ಸಿದ್ಧ ಊಟದ ಪೊಟ್ಟಣಗಳು ನಮ್ಮ ಕಪಾಟು ಸೇರಿವೆ. ತರುವುದು ತಪ್ಪಲ್ಲ, ಇಡುವ ಬಗೆ ತಿಳಿದಿರಬೇಕು. ಹೊಟ್ಟೆ ಕೆಟ್ಟರೆ ಎರಡು ದಿನದ ಕೂಲಿ ಹೋಗುತ್ತದೆ; ಒಂಟಿಯಾಗಿರುವವನಿಗೆ ಗಂಜಿ ಕಾಸಿ ಕೊಡುವವರೂ ಇರುವುದಿಲ್ಲ.

ಪೊಟ್ಟಣಗಳಲ್ಲಿ ಮೂರು ಬಗೆ. ಮೊದಲನೆಯದು ಉಪ್ಪಿಟ್ಟು, ರವೆ ಇಡ್ಲಿಗಳ ಒಣ ಹಿಟ್ಟು. ಇದಕ್ಕೆ ತೇವವೇ ವೈರಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟರೆ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಸುರಿದು, ಒಣ ಚಮಚದಿಂದಲೇ ತೆಗೆಯಬೇಕು.

ಎರಡನೆಯದು ಬೇಯಿಸಿದ ಬಿಸಿಬೇಳೆಭಾತು, ಪಲ್ಯಗಳನ್ನು ದಪ್ಪ ಚೀಲದಲ್ಲಿ ಮುಚ್ಚಿದ್ದು. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆಯಲು ಮೈಸೂರಿನ ನೆರವು ದೊಡ್ಡದು. ಸೈನಿಕರ ಆಹಾರಕ್ಕಾಗಿ 1961ರಲ್ಲಿ ಅಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯ ಇದರಲ್ಲಿ ಬಹಳ ದುಡಿಯಿತು. ಚೀಲವನ್ನು ಮುಚ್ಚಿದ ಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಡುತ್ತಾರೆ. ಒಳಗಿನ ಕ್ರಿಮಿಗಳು ಸಾಯುತ್ತವೆ, ಹೊರಗಿನವು ಒಳಗೆ ಹೋಗಲಾರವು. ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಬಾಳುವ ಗುಟ್ಟು ಇಷ್ಟೇ.

ಆದರೆ ಚೀಲ ಕತ್ತರಿಸಿದ ಕೂಡಲೆ ಆ ಗುಟ್ಟು ಮುಗಿಯಿತು. ಇನ್ನು ಅದು ಮನೆಯಲ್ಲಿ ಮಾಡಿದ ಅಡಿಗೆಯಂತೆಯೇ. ಅರ್ಧ ಉಂಡು ಅರ್ಧವನ್ನು ನಾಳೆಗೆಂದು ಕಪಾಟಿನಲ್ಲಿಡುವುದು ಉಳಿತಾಯವಲ್ಲ. ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಮರುದಿನವೇ ಚೆನ್ನಾಗಿ ಕುದಿಸಿ ಮುಗಿಸಬೇಕು. ಹೊರಗೇ ಉಳಿದ ಅನ್ನದಲ್ಲಿ ಹುಟ್ಟುವ ಒಂದು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಫ್ರಿಜ್ ಇಲ್ಲದವರು ಖೋಲಿಯ ಗೆಳೆಯನೊಡನೆ ಒಂದೇ ಪೊಟ್ಟಣವನ್ನು ಹಂಚಿ ಉಣ್ಣುವುದು ಲೇಸು.

ಮೂರನೆಯದು ಬರ್ಫದಲ್ಲಿಟ್ಟು ಮಾರುವ ಪರಾಠಾ ಮುಂತಾದವು. ಇವಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಬೇಕು. ಆ ಅನುಕೂಲವಿಲ್ಲದವರು ಅಂದೇ ಬೇಯಿಸುವಷ್ಟನ್ನು ಮಾತ್ರ ತರಬೇಕು. ಕರಗಿ ಮೆತ್ತಗಾದುದನ್ನು ಮತ್ತೆ ಬರ್ಫದಲ್ಲಿ ಇಡಬಾರದು.

ಇನ್ನು ಎಲ್ಲಕ್ಕೂ ಸಲ್ಲುವ ಮಾತು. ಪೊಟ್ಟಣಗಳನ್ನು ಒಲೆಯ ಮೇಲಿನ ಹಲಗೆಯಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ, ಫಿನೈಲ್ ಬಾಟಲಿಯ ಪಕ್ಕದಲ್ಲಿ ಇಡಬೇಡಿ. ಇಲಿಯ ಹಲ್ಲು ತಾಗಿದರೆ ಸಣ್ಣ ತೂತೂ ಸಾಕು. ತಗಡಿನ ಪೆಟ್ಟಿಗೆಯೇ ಮೇಲು. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ. ಉಬ್ಬಿದ, ಸೋರುವ ಚೀಲವನ್ನು ರುಚಿ ನೋಡಲೂ ಬೇಡ, ಎಸೆದುಬಿಡಿ. ಹಣ ಹೋಯಿತೆಂದು ಮರುಗಬೇಡಿ, ಔಷಧಕ್ಕೆ ಹೋಗುವುದು ಅದಕ್ಕಿಂತ ಹೆಚ್ಚು.

ತಾರೀಖು, ಇಡುವ ಕ್ರಮ ಎರಡೂ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತವೆ, ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಓದಲು ತೊಡಕಾದವರು ಸಂಕೋಚಪಡದೆ ಪೊಟ್ಟಣವನ್ನು ವಾಚನಾಲಯಕ್ಕೆ ತನ್ನಿರಿ. ಓದಿ ಹೇಳುವುದಕ್ಕೆಂದೇ ನಾವು ಇಲ್ಲಿ ಕುಳಿತಿದ್ದೇವೆ.