ಯುವಜನರ ಸಹಭಾಗಿತ್ವ, ಹಕ್ಕೊತ್ತಾಯ ಮತ್ತು ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಸಭೆಯ ಹಾಜರಾತಿ ವಹಿಯನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಕಾಣುತ್ತದೆ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಇರುವ ದಿನ ಪುಟಗಳು ತುಂಬುತ್ತವೆ. ಮುಂದಿನ ವರ್ಷದ ಕ್ರಿಯಾ ಯೋಜನೆಯ ಚರ್ಚೆ ಇರುವ ದಿನ ಸಹಿಗಳು ವಿರಳವಾಗುತ್ತವೆ. ಅವುಗಳಲ್ಲಿ ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರ ಸಹಿಗಳು ಬೆರಳೆಣಿಕೆಯಷ್ಟು. ಇದನ್ನು ಯುವಜನರ ಅನಾಸಕ್ತಿ ಎಂದು ಕರೆದು ಮುಗಿಸುವುದು ಸುಲಭ. ಆದರೆ ಸಭೆಯನ್ನು ಕರೆಯುವುದು ಕೆಲಸದ ದಿನ, ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಿಗೆ ಕಾಲೇಜಿನ ವಿದ್ಯಾರ್ಥಿನಿ ತಾಲ್ಲೂಕು ಕೇಂದ್ರದಲ್ಲಿರುತ್ತಾಳೆ, ಗಾರ್ಮೆಂಟ್ಸ್‌ಗೆ ಹೋಗುವ ಯುವತಿ ಹೊಲಿಗೆ ಯಂತ್ರದ ಮುಂದಿರುತ್ತಾಳೆ, ಊರಿನ ಅರ್ಧದಷ್ಟು ಯುವಕರು ದುಡಿಮೆಗಾಗಿ ನಗರ ಸೇರಿರುತ್ತಾರೆ. ಬರಲಾಗದ ಹೊತ್ತಿಗೆ ಕರೆದು, ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಕಾನೂನಂತೂ ಬಾಗಿಲನ್ನು ಬಹಳ ಹಿಂದೆಯೇ ತೆರೆದಿದೆ. ಸಂವಿಧಾನದ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬಿದವರು ಪಂಚಾಯತಿಗೆ ಸ್ಪರ್ಧಿಸಬಹುದು. ವಿಧಾನಸಭೆಗಾದರೆ 25 ತುಂಬಿರಬೇಕು. ಈಗ ಮತದಾರರ ಪಟ್ಟಿಗೆ ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1. 17 ವರ್ಷ ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. 2014ರ ರಾಷ್ಟ್ರೀಯ ಯುವ ನೀತಿಯು 15ರಿಂದ 29 ವರ್ಷದವರನ್ನು ಯುವಜನರೆಂದು ಗುರುತಿಸಿದೆ.

ಈ ಕೊನೆಯ ಅಂಕಿಯಲ್ಲಿ ಸದಸ್ಯರು ಗಮನಿಸಬೇಕಾದ ಒಂದು ತೊಡಕಿದೆ. ಹದಿನೈದರ ಬಾಲಕಿಯೂ ಇಪ್ಪತ್ತೆಂಟರ ಯುವಕನೂ ಒಂದೇ ‘ಯುವಜನ’ ಎಂಬ ಪದದೊಳಗೆ ಬರುತ್ತಾರೆ. ಆದರೆ 18 ತುಂಬದವರು ಕಾನೂನಿನ ದೃಷ್ಟಿಯಲ್ಲಿ ಮಕ್ಕಳು. ಯುವಕನಿಗೆ ಪಂಚಾಯತಿ ಕೊಡಬೇಕಾದುದು ಮುಖ್ಯವಾಗಿ ಅವಕಾಶ ಮತ್ತು ಮಾಹಿತಿ. ಬಾಲಕಿಗೆ ಅವೆರಡರ ಜೊತೆಗೆ ರಕ್ಷಣೆಯನ್ನೂ ಕೊಡಬೇಕು. ಯುವಜನ ಕಾರ್ಯದ ನೀತಿ ಎಂದು ತರಬೇತಿಗಳಲ್ಲಿ ಹೇಳುವ ಮಾತು ಬಹುಪಾಲು ಈ ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಈ ವಿಷಯದಲ್ಲಿ ಕರ್ನಾಟಕವು ಬೇರೆಯವರಿಂದ ಎರವಲು ತರಬೇಕಾಗಿಲ್ಲ. ದುಡಿಯುವ ಮಕ್ಕಳೇ ಸೇರಿಕೊಂಡ ‘ಭೀಮ ಸಂಘ’ 1990ರಲ್ಲಿ ಈ ರಾಜ್ಯದಲ್ಲಿಯೇ ರೂಪುಗೊಂಡಿತು. ಆ ದಶಕದ ಮಧ್ಯಭಾಗದಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳಲ್ಲಿ, ಕೆರಾಡಿಯೂ ಸೇರಿದಂತೆ, ಮಕ್ಕಳ ಪಂಚಾಯತಿಗಳು ಆರಂಭವಾದವು. ಅಲ್ಲಿ ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಚುನಾಯಿಸಿದರು. ತಮ್ಮ ಊರಿನ ಸಮಸ್ಯೆಗಳನ್ನು ತಾವೇ ಸಮೀಕ್ಷೆ ಮಾಡಿ ಹಿರಿಯರ ಮುಂದಿಟ್ಟರು. ಮುಂದೆ 2006ರಲ್ಲಿ ರಾಜ್ಯ ಸರ್ಕಾರವು ಎಲ್ಲ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವಂತೆ ಸುತ್ತೋಲೆ ಹೊರಡಿಸಿತು. ಮಕ್ಕಳು ಬೇಡಲು ಬಂದವರಲ್ಲ, ಅಂಕಿ ಸಂಖ್ಯೆಗಳೊಡನೆ ಮಾತನಾಡಲು ಬಂದವರು ಎಂಬುದೇ ಆ ಕರಾವಳಿಯ ಪ್ರಯೋಗದ ತಿರುಳು. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕವನ್ನು ದಾಟುವ ಭಯ ಎಂಥದೆಂದು ದಿನವೂ ದಾಟುವ ಮಗುವಿಗಿಂತ ಚೆನ್ನಾಗಿ ಅಂದಾಜುಪಟ್ಟಿ ತಯಾರಿಸುವ ಅಭಿಯಂತರರಿಗೂ ತಿಳಿದಿರುವುದಿಲ್ಲ. ಸಂಕದ ಉದ್ದವನ್ನು ಟೇಪಿನಿಂದ ಅಳೆಯಬಹುದು. ಎಷ್ಟು ಮಕ್ಕಳು, ಯಾವ ಯಾವ ತಿಂಗಳಲ್ಲಿ, ಎಷ್ಟು ದಿನ ಶಾಲೆ ತಪ್ಪಿಸಿಕೊಂಡರೆಂಬುದನ್ನು ಮಕ್ಕಳನ್ನೇ ಕೇಳಿ ತಿಳಿಯಬೇಕು.

ಸುತ್ತೋಲೆಯಿಂದ ಸಭೆ ಬಂದಿತು. ಸಭೆಯಿಂದ ಸಹಭಾಗಿತ್ವ ಬಂದಿತೇ ಎಂಬುದು ಬೇರೆ ಪ್ರಶ್ನೆ. ಇದನ್ನು ಅಳೆಯಲು ಒಂದು ಸರಳ ಸಾಧನವಿದೆ. ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಏಣಿಗೆ ಹೋಲಿಸಿ 1969ರಲ್ಲಿ ಶೆರ್ರಿ ಆರ್ನ್‌ಸ್ಟೀನ್ ಬರೆದಿದ್ದರು. ಅದೇ ಏಣಿಯನ್ನು ಮಕ್ಕಳ ವಿಷಯಕ್ಕೆ ಹೊಂದಿಸಿ 1992ರಲ್ಲಿ ರೋಜರ್ ಹಾರ್ಟ್ ಅವರು ಯುನಿಸೆಫ್‌ಗಾಗಿ ಒಂದು ಪ್ರಬಂಧ ರಚಿಸಿದರು. ಏಣಿಗೆ ಎಂಟು ಮೆಟ್ಟಿಲು. ಕೆಳಗಿನ ಮೂರನ್ನು ಅವರು ಸಹಭಾಗಿತ್ವವೆಂದು ಒಪ್ಪುವುದೇ ಇಲ್ಲ. ಮೊದಲನೆಯದು ಮಕ್ಕಳನ್ನು ಹಿರಿಯರ ಉದ್ದೇಶಕ್ಕೆ ಬಳಸಿಕೊಳ್ಳುವುದು. ಎರಡನೆಯದು ಅವರನ್ನು ಅಲಂಕಾರವಾಗಿ ನಿಲ್ಲಿಸುವುದು. ಮೂರನೆಯದು ಹೆಸರಿಗೆ ಮಾತ್ರ ಮಾತನಾಡಿಸುವುದು. ಪ್ರಾರ್ಥನಾ ಗೀತೆ ಹಾಡಿಸಿ, ಹೂಗುಚ್ಛ ಕೊಡಿಸಿ, ಶಿಕ್ಷಕರು ಬರೆದುಕೊಟ್ಟ ನಾಲ್ಕು ಸಾಲು ಓದಿಸಿ, ಬಿಸ್ಕತ್ತು ಹಂಚಿ ಮುಗಿಸಿದ ಮಕ್ಕಳ ಗ್ರಾಮ ಸಭೆ ಯಾವ ಮೆಟ್ಟಿಲಿನಲ್ಲಿದೆಯೆಂದು ಸದಸ್ಯರೇ ತೀರ್ಮಾನಿಸಬಹುದು. ಚುನಾವಣೆಯ ಮೆರವಣಿಗೆಗೆ ಯುವಕ ಸಂಘದವರನ್ನು ಬೈಕಿಗೆ ಪೆಟ್ರೋಲ್ ಹಾಕಿಸಿ ಕರೆದೊಯ್ಯುವುದಂತೂ ಮೊದಲ ಮೆಟ್ಟಿಲಿನಿಂದಲೂ ಕೆಳಗೆ.

ಇನ್ನೊಂದು ಅಂಶವನ್ನು ತರಬೇತಿಗಳಲ್ಲಿ ಹಲವರು ತಪ್ಪಾಗಿ ಗ್ರಹಿಸುತ್ತಾರೆ. ಏಣಿಯ ತುದಿಯಲ್ಲಿರುವುದು ಯುವಜನರು ತಾವಾಗಿಯೇ ಎಲ್ಲವನ್ನೂ ನಡೆಸುವ ಸ್ಥಿತಿಯಲ್ಲ. ಅದು ಏಳನೆಯ ಮೆಟ್ಟಿಲು. ಎಂಟನೆಯದರಲ್ಲಿ ಕೆಲಸವನ್ನು ಅವರು ಆರಂಭಿಸುತ್ತಾರೆ, ನಿರ್ಧಾರವನ್ನು ಹಿರಿಯರೊಡನೆ ಹಂಚಿಕೊಳ್ಳುತ್ತಾರೆ. ಆದ್ದರಿಂದ ಯುವಜನರು ಬಂದರೆ ತಮ್ಮ ಕುರ್ಚಿಗೆ ಸಂಚಕಾರವೆಂಬ ಆತಂಕ ಸದಸ್ಯರಿಗೆ ಬೇಕಿಲ್ಲ.

ಇನ್ನು ಮಾತಿನ ಬೆಲೆಯ ವಿಚಾರ. ತರಬೇತಿಯಲ್ಲಿ ಚರ್ಚಿಸಲೆಂದು ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಒಂಬತ್ತನೇ ತರಗತಿಯ ಬಾಲಕಿಯೊಬ್ಬಳು ಮಕ್ಕಳ ಗ್ರಾಮ ಸಭೆಯಲ್ಲಿ ಮೈಕ್ ಹಿಡಿದು, ಬಸ್ ನಿಲ್ದಾಣದ ಪಕ್ಕದ ಕಿರಾಣಿ ಅಂಗಡಿಯಲ್ಲಿ ಮದ್ಯ ಮಾರುತ್ತಾರೆ, ಸಂಜೆ ಅಲ್ಲಿ ನಿಂತವರು ಹುಡುಗಿಯರನ್ನು ಚುಡಾಯಿಸುತ್ತಾರೆ ಎನ್ನುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ‘ಬಾಲಕಿಯ ದಿಟ್ಟ ಪ್ರಶ್ನೆ’ ಎಂದು ಫೋಟೊ ಸಹಿತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ರಾತ್ರಿ ಅಂಗಡಿಯವನು ಅವಳ ಮನೆಯ ಬಾಗಿಲಿಗೆ ಬರುತ್ತಾನೆ. ಅವಳ ತಾಯಿ ಅವನ ತೋಟದಲ್ಲಿ ಕೂಲಿ ಮಾಡುವವಳು. ಅವನಲ್ಲಿ ಸಾಲವೂ ಇದೆ. ಮರುವಾರದಿಂದ ಬಾಲಕಿ ಶಾಲೆಗೆ ಬರುವುದಿಲ್ಲ. ಅವಳಿಗೆ ಮದುವೆಯ ಮಾತುಕತೆ ನಡೆಯುತ್ತಿದೆಯೆಂದು ತಿಂಗಳ ಬಳಿಕ ಸುದ್ದಿ ಬರುತ್ತದೆ.

ಈ ಸನ್ನಿವೇಶದಲ್ಲಿ ಬಾಲಕಿ ಹೇಳಿದ್ದೆಲ್ಲವೂ ಸತ್ಯ. ಸಭೆ ನಡೆಸಿದವರ ಉದ್ದೇಶವೂ ಒಳ್ಳೆಯದೇ. ಆದರೂ ಊರಿನಲ್ಲಿ ಅತ್ಯಂತ ದುರ್ಬಲಳಾದವಳ ತಲೆಯ ಮೇಲೆ ಅತ್ಯಂತ ಭಾರವಾದ ದೂರನ್ನು ಹೊರಿಸಲಾಯಿತು. ಯಾವುದೇ ಸೇತುವೆಗೆ ಭಾರ ಹೇರುವ ಮೊದಲು ಅದರ ಕಂಬ ಎಷ್ಟು ತಾಳುತ್ತದೆಂದು ಲೆಕ್ಕ ಹಾಕುತ್ತಾರೆ. ಮಕ್ಕಳ ವಿಷಯದಲ್ಲಿ ಈ ಲೆಕ್ಕವನ್ನು ಹಾಕುವವರೇ ಇರುವುದಿಲ್ಲ.

ಹಾಗೆಂದು ಮದ್ಯದ ವಿಷಯ ಎತ್ತಬಾರದೆಂದು ಮಕ್ಕಳಿಗೆ ಸೂಚಿಸುವುದು ಪರಿಹಾರವಲ್ಲ. ಅದು ಇನ್ನೊಂದು ಬಗೆಯ ಅನ್ಯಾಯ. ಸಭೆಗೆ ಕೆಲವು ದಿನಗಳ ಮೊದಲೇ ಶಾಲೆಯಲ್ಲಿಯೂ ಗ್ರಂಥಾಲಯದಲ್ಲಿಯೂ ಪ್ರಶ್ನೆ ಪೆಟ್ಟಿಗೆ ಇರಿಸಬಹುದು. ಚೀಟಿಯಲ್ಲಿ ಹೆಸರು ಕಡ್ಡಾಯವಲ್ಲವೆಂದು ತಿಳಿಸಬಹುದು. ಮಕ್ಕಳು ಗುಂಪಿನಲ್ಲಿ ಚರ್ಚಿಸಿ ತಮ್ಮ ತರಗತಿಯ ಅಥವಾ ಸಂಘದ ಹೆಸರಿನಲ್ಲಿ ವಿಷಯ ಮಂಡಿಸಬಹುದು. ವ್ಯಕ್ತಿಯ ಮೇಲಿನ ದೂರುಗಳನ್ನು ಮೈಕಿನಲ್ಲಿ ಓದದೆ, ಪಂಚಾಯತಿಯು ತನ್ನದೇ ಹೆಸರಿನಲ್ಲಿ ಅಬಕಾರಿ ಇಲಾಖೆಗೂ ಪೊಲೀಸ್ ಠಾಣೆಗೂ ಬರೆಯಬಹುದು. ಆಗ ಅಂಗಡಿಯವನು ಎದುರಿಸಬೇಕಾದುದು ಒಬ್ಬ ಬಾಲಕಿಯನ್ನಲ್ಲ, ಚುನಾಯಿತ ಸಂಸ್ಥೆಯನ್ನು. ಸದಸ್ಯರಿಗೆ ಜನರು ಮತ ನೀಡಿರುವುದು ಇಂತಹ ಭಾರವನ್ನು ಹೊರಲೆಂದೇ ಅಲ್ಲವೇ?

ಕೆಲವು ಮಾತುಗಳಿಗೆ ಸಭೆಯೇ ತಕ್ಕ ಸ್ಥಳವಲ್ಲ. ಮಗುವೊಂದು ತನ್ನ ಮೇಲೆ ಅಥವಾ ಗೆಳತಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಶಿಕ್ಷಕಿಗೋ ಗ್ರಂಥಾಲಯ ಮೇಲ್ವಿಚಾರಕಿಗೋ ಸದಸ್ಯರಿಗೋ ಹೇಳಿದರೆ, ಕೇಳಿದವರಿಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿರುವುದು 21ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಇಂತಹ ವಿಷಯವನ್ನು ಊರಿನ ಕಟ್ಟೆಯಲ್ಲಿ ಕುಳಿತು ರಾಜಿ ಮಾಡಿಸುವ ಅಧಿಕಾರ ಯಾವ ಸದಸ್ಯರಿಗೂ ಇಲ್ಲ, ಎರಡೂ ಮನೆಯವರು ಒಪ್ಪಿದ್ದರೂ ಇಲ್ಲ. ಇದನ್ನು ಒತ್ತಿ ಹೇಳಬೇಕಾಗಿರುವುದಕ್ಕೆ ಕಾರಣ ಸದಸ್ಯರಿಗೆ ಗೊತ್ತಿದೆ. ‘ಯಾರಿಗೂ ಹೇಳುವುದಿಲ್ಲ, ನನ್ನ ಹತ್ತಿರ ಹೇಳು ಮಗಳೇ’ ಎಂದು ಮಾತು ಕೊಡುವುದೂ ತಪ್ಪು. ಆ ಮಾತನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ‘ನಿನಗೆ ನೆರವಾಗಬಲ್ಲವರಿಗೆ ಮಾತ್ರ ತಿಳಿಸುತ್ತೇವೆ’ ಎನ್ನುವುದು ಪ್ರಾಮಾಣಿಕ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯು ಪಂಚಾಯತಿ ಕಚೇರಿಯ ಗೋಡೆಯ ಮೇಲೆ, ಹೊರಗಿನಿಂದ ಕಾಣುವಂತೆ ಬರೆದಿರಬೇಕು.

ಫೋಟೊಗಳ ವಿಷಯದಲ್ಲಿಯೂ ಸಂಯಮ ಬೇಕು. ಸಂತ್ರಸ್ತ ಮಗುವಿನ ಗುರುತು ಹೊರಗೆಡಹುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಮು ಹಾಗೂ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿವೆ. ಉಳಿದ ಮಕ್ಕಳ ಚಿತ್ರಗಳನ್ನು ಬಳಸುವಾಗಲೂ ಮಗುವಿನ ಮತ್ತು ಪೋಷಕರ ಒಪ್ಪಿಗೆ ಪಡೆಯುವುದು ಸಭ್ಯತೆ. ಸಭೆ ನಡೆದುದಕ್ಕೆ ದಾಖಲೆ ಬೇಕೆಂದಾದರೆ ನಡಾವಳಿ ಪುಸ್ತಕವೇ ಸಾಕಷ್ಟು ಒಳ್ಳೆಯ ದಾಖಲೆ.

ಹದಿನೆಂಟು ದಾಟಿದವರ ಹಕ್ಕೊತ್ತಾಯಕ್ಕೆ ಬೇಕಾದ ತರಬೇತಿ ಬೇರೆ ತೆರನಾದುದು. ಘೋಷಣೆ ಕೂಗುವುದು, ಮನವಿ ಪತ್ರ ಕೊಟ್ಟು ಚಿತ್ರ ತೆಗೆಸಿಕೊಳ್ಳುವುದು ಅವರಿಗೆ ಚೆನ್ನಾಗಿ ತಿಳಿದಿದೆ. ತಿಳಿಯದಿರುವುದು ಆಯವ್ಯಯವನ್ನು ಓದುವುದು. ಯುವಕ ಸಂಘದವರು ಆಟದ ಮೈದಾನ ಕೇಳುತ್ತಾರೆಂದಿರಲಿ. ಪಂಚಾಯತಿಗೆ ಹಣ ಬಂದಿದೆಯಲ್ಲ, ಏಕೆ ಮಾಡುವುದಿಲ್ಲ ಎಂಬುದು ಅವರ ಪ್ರಶ್ನೆ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು; ಉಳಿದ ಶೇ. 40ರಲ್ಲಿ ಮಾತ್ರ ಸ್ಥಳೀಯ ಅಗತ್ಯಗಳಿಗೆ ಅವಕಾಶ. ಇದನ್ನು ಅರಿತ ಯುವಕ ‘ಹಣ ಎಲ್ಲಿ ಹೋಯಿತು’ ಎಂದು ಕೇಳುವ ಬದಲು ‘ಆ ಶೇ. 40ರಲ್ಲಿ ಯಾವ ಕಾಮಗಾರಿಗೆ ಏಕೆ ಆದ್ಯತೆ ಕೊಟ್ಟಿರಿ’ ಎಂದು ಕೇಳುತ್ತಾನೆ. ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಹೆಚ್ಚು ಕಷ್ಟ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಅಂತಹ ಪ್ರಶ್ನೆಯಿಂದ ಕ್ರಿಯಾ ಯೋಜನೆ ಉತ್ತಮಗೊಳ್ಳುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮು ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆಂದು ಸಾರ್ವಜನಿಕ ಸಂಸ್ಥೆಗಳಿಗೆ ಹೇಳಿದೆ. ಅಂದಾಜು ಮೊತ್ತ, ವೆಚ್ಚ ಮತ್ತು ಗುತ್ತಿಗೆದಾರರ ವಿವರ ಅರಿವು ಕೇಂದ್ರದ ಫಲಕದ ಮೇಲಿದ್ದರೆ ಅರ್ಜಿಗಳೂ ಕಡಿಮೆಯಾಗುತ್ತವೆ, ಅನುಮಾನಗಳೂ ಕಡಿಮೆಯಾಗುತ್ತವೆ.

ಯುವಕ ಸಂಘಗಳೆಂದರೆ ಬಹುಮಟ್ಟಿಗೆ ಯುವಕರ ಸಂಘಗಳೇ. ಗಣೇಶೋತ್ಸವ, ಕಬಡ್ಡಿ ಪಂದ್ಯ, ರಕ್ತದಾನ ಶಿಬಿರಗಳನ್ನು ಅವು ಸೊಗಸಾಗಿ ನಡೆಸುತ್ತವೆ. ಆದರೆ ಅವುಗಳ ಪದಾಧಿಕಾರಿಗಳ ಪಟ್ಟಿಯಲ್ಲಿ ಯುವತಿಯರ ಹೆಸರು, ಊರ ಹೊರಗಿನ ಕೇರಿಯವರ ಹೆಸರು, ಅಂಗವಿಕಲರ ಹೆಸರು ಎಷ್ಟಿವೆ? ಸಂಘದ ಅಧ್ಯಕ್ಷರ ಮಾತನ್ನೇ ಇಡೀ ಯುವಜನರ ಮಾತೆಂದು ಭಾವಿಸಿದರೆ, ಯಾರ ಮಾತು ಮೊದಲಿನಿಂದಲೂ ಕೇಳಿಸುತ್ತಿತ್ತೋ ಅವರದೇ ಮತ್ತೊಮ್ಮೆ ಕೇಳಿಸುತ್ತದೆ. ಸ್ವಸಹಾಯ ಸಂಘಗಳ ಮನೆಗಳಲ್ಲಿರುವ ಯುವತಿಯರನ್ನು, ಶಾಲೆ ಬಿಟ್ಟು ದುಡಿಯುತ್ತಿರುವವರನ್ನು ಹುಡುಕಿಕೊಂಡು ಹೋಗಿಯೇ ಕೇಳಬೇಕು. ಭಾನುವಾರ ಸಂಜೆಯ ವಾರ್ಡ್ ಸಭೆ ಇದಕ್ಕೆ ಒಳ್ಳೆಯ ಆರಂಭ. ವೆಚ್ಚವೂ ಇಲ್ಲ.

ಸಭೆ ಮುಗಿದ ಮೇಲೆ ಏನಾಯಿತೆಂಬುದು ಉಳಿದೆಲ್ಲಕ್ಕಿಂತ ಮುಖ್ಯ. ಕಳೆದ ವರ್ಷ ಕೇಳಿದ ಶೌಚಾಲಯದ ಬಾಗಿಲನ್ನೇ ಈ ವರ್ಷವೂ ಕೇಳಬೇಕಾಗಿ ಬಂದ ಬಾಲಕ, ಮುಂದೆ ಮತದಾರನಾದಾಗ ಗ್ರಾಮ ಸಭೆಗೆ ಬರುವನೆಂದು ನಿರೀಕ್ಷಿಸಲಾಗದು. ಆದ್ದರಿಂದ ಪ್ರತಿ ಬೇಡಿಕೆಯ ಮುಂದೆ ಹೊಣೆ ಹೊತ್ತ ಸದಸ್ಯರ ಅಥವಾ ಇಲಾಖೆಯ ಹೆಸರು, ದಿನಾಂಕ ಮತ್ತು ಕೈಗೊಂಡ ಕ್ರಮವನ್ನು ಬರೆದ ಅನುಪಾಲನಾ ವರದಿಯನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಓದಬೇಕು. ಆಗದಿರುವುದಕ್ಕೆ ಆಗುವುದಿಲ್ಲವೆಂದೇ ಕಾರಣ ಸಹಿತ ಹೇಳಬಹುದು. ಮಕ್ಕಳು ಅದನ್ನು ಹಿರಿಯರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ‘ಪರಿಶೀಲಿಸಲಾಗುವುದು’ ಎಂಬ ಒಂದೇ ಪದದ ಉತ್ತರವನ್ನು ಮಾತ್ರ ಈ ವರದಿಯಿಂದ ಕೈಬಿಡುವುದು ಒಳಿತು.

ಪ್ರಶ್ನೆ ಪೆಟ್ಟಿಗೆಯ ಬಗ್ಗೆ ಒಂದು ಸಣ್ಣ ಮಾತು ಉಳಿದಿದೆ. ಅನೇಕ ಕಡೆ ಪೆಟ್ಟಿಗೆಯೂ ಬೀಗವೂ ಇರುತ್ತವೆ, ಬೀಗದ ಕೈ ಯಾರಲ್ಲಿದೆಯೆಂದು ಮಾತ್ರ ತಿಳಿದಿರುವುದಿಲ್ಲ. ಅಥವಾ ಯಾರ ಮೇಲೆ ದೂರು ಬರಬಹುದೋ ಅವರ ಮೇಜಿನಲ್ಲಿಯೇ ಇರುತ್ತದೆ. ಪೆಟ್ಟಿಗೆಗೆ ಎರಡು ಬೀಗ ಹಾಕಿ, ಒಂದರ ಕೈಯನ್ನು ಮಹಿಳಾ ಸದಸ್ಯರೊಬ್ಬರಿಗೂ ಇನ್ನೊಂದನ್ನು ಮಕ್ಕಳೇ ಆರಿಸಿದ ಶಿಕ್ಷಕಿಗೋ ಗ್ರಂಥಾಲಯ ಮೇಲ್ವಿಚಾರಕರಿಗೋ ಒಪ್ಪಿಸಿ, ಹದಿನೈದು ದಿನಕ್ಕೊಮ್ಮೆ ಇಬ್ಬರೂ ಕೂಡಿ ತೆರೆಯುವಂತೆ ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಠರಾವು ಮಾಡಬಹುದು.