ಬಿಯರ್ ಕೊಳ್ಳೋಕೆ 18ಆ, 21ಆ?

ಕರ್ನಾಟಕದಲ್ಲಿ ಬಿಯರ್ ಕೊಳ್ಳೋಕೆ ಎಷ್ಟು ವರ್ಷ ತುಂಬಿರಬೇಕು? 1965ರ ಅಬಕಾರಿ ಕಾಯ್ದೆ ಪ್ರಕಾರ 18 ತುಂಬದವರಿಗೆ ಮಾರುವಂತಿಲ್ಲ. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಲೈಸೆನ್ಸ್ ನಿಯಮ 21 ಅನ್ನುತ್ತೆ. ಅಪ್ಪ ಒಂದು ಹೇಳಿದ್ರೆ ಮಗ ಇನ್ನೊಂದು! 2023ರ ಜನವರಿಯಲ್ಲಿ ಸರ್ಕಾರ ನಿಯಮವನ್ನೂ 18ಕ್ಕೆ ಇಳಿಸೋ ಕರಡು ತಂತು. ವಿರೋಧ ಬಂತು, ಅದೇ ತಿಂಗಳು ಕೈಬಿಡ್ತು. ಸರಿ, 21 ಇರಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಕಾಯ್ದೆಯಲ್ಲೂ ಅದನ್ನೇ ಬರೀರಿ ಸ್ವಾಮಿ! 19ರ ಹುಡುಗ ಓಟು ಹಾಕಿ ಎಂಎಲ್‌ಎ ಆರಿಸಬಹುದು, ಸಾಲದ ಪತ್ರಕ್ಕೆ ಸಹಿ ಹಾಕಬಹುದು (ಬಿಕಾಂನಲ್ಲಿ ನಮಗೆ ಕಾಂಟ್ರಾಕ್ಟ್ ಕಾಯ್ದೆ ಓದಿಸಿದ್ದೇ ಹೀಗೆ). ಬಿಯರ್ ಕೇಳಿದ್ರೆ ಮಾತ್ರ ಚಿಕ್ಕವನು. ಮಾರಿದ್ರೆ ಲೈಸೆನ್ಸ್ ಹೋಗೋ ಭಯ ಅಂಗಡಿಯವರಿಗೆ. ಅಷ್ಟಿದ್ದೂ, ಕೌಂಟರಲ್ಲಿ ನಿಮ್ಮ ಐಡಿ ಯಾರಾದ್ರೂ ಕೇಳಿದ್ದಾರಾ? ವಾಯ್ಸ್ ನೋಟ್ ಕಳಿಸಿ.